ಅರ್ಥಿಂಗಿಗೆ ಒಂದು ಚರಿಗಿ ನೀರು

ತಂತಿ ಎಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ಕರೆಂಟಿನದೇ ಇರಲಿ, ಬೇಲಿಯದೇ ಇರಲಿ, ಬಟ್ಟೆ ಒಣಹಾಕುವುದೇ ಇರಲಿ, ಬೆರಳಿನ ಹಿಂಬದಿಯನ್ನು ಚೂರು ತಾಗಿಸಿ ನೋಡಿದ ಮೇಲೆಯೇ ಕೈ ಹಾಕುತ್ತೇನೆ. ನಾನು ಸಣ್ಣವಳಿದ್ದಾಗ ಸಿಂದಗಿಯ ನಮ್ಮ ತವರುಮನೆಯ ಹಿತ್ತಲಿನಲ್ಲಿ ಕಾಕಿ, ಎಂದರೆ ನಮ್ಮ ಚಿಕ್ಕಮ್ಮ, ಒದ್ದೆ ಸೀರೆಯನ್ನು ತಂತಿಯ ಮೇಲೆ ಹಾಕಲು ಹೋಗಿ ಹಾಗೆಯೇ ನಿಂತುಬಿಟ್ಟಿದ್ದಳು. ಕೂಗಲಿಲ್ಲ, ಬೀಳಲಿಲ್ಲ, ಸುಮ್ಮನೆ ನಿಂತಿದ್ದಳು. ಏನೋ ಆಟ ಎಂದುಕೊಂಡು ನಾನು ಅವಳ ಸೆರಗು ಹಿಡಿಯಲು ಓಡಿದ್ದೆ. ಅಜ್ಜ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಸೆಯದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಕಾಕಿ ಉಳಿಯಲಿಲ್ಲ.

ಮದುವೆಯಾಗಿ ತಾಂಬಾದ ಹತ್ತಿರದ ಈ ತೋಟದ ಮನೆಗೆ ಬಂದ ಮೇಲೆ ನನ್ನ ಅಂಜಿಕೆ ಎಲ್ಲರಿಗೂ ನಗುವ ವಿಷಯವಾಯಿತು. ಮಿಕ್ಸರ್ ಹಚ್ಚುವಾಗ ರಬ್ಬರ್ ಚಪ್ಪಲಿ ಹಾಕಿಕೊಳ್ಳುತ್ತೇನೆ ಎಂದು ನಮ್ಮ ಮನೆಯವರು ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದರು. ಮೈದುನ ಅವರಿಗಿಂತ ಒಂದು ಕೈ ಮೇಲು. "ವೈನಿ, ಟಾರ್ಚಿಗೂ ಕರೆಂಟ್ ಇರ್ತೈತ್ರಿ, ಹುಷಾರ್ ನೋಡ್ರಿ" ಎನ್ನುವನು. ನಾನು ಸಾಲಿ ಮಾಸ್ತರಿಣಿ. ಊರ ಮಕ್ಕಳೆಲ್ಲ ನನ್ನನ್ನು ಕಂಡರೆ ಗಪ್‌ಚಿಪ್ ಆಗುತ್ತಿದ್ದರು, ಮನೆಯಲ್ಲಿ ಮಾತ್ರ ನಾನು ಅಂಜುಬುರುಕಿ.

ಅತ್ತೆ ಇದಕ್ಕೆ ತದ್ವಿರುದ್ಧ. ಹಾವು ಬಂದರೆ ಕೋಲು ಹುಡುಕುವ ಹೆಂಗಸು, ಓಡುವವರಲ್ಲ. ಹಾಯುವ ಎಮ್ಮೆಯ ಹಣೆಗೆ ಅಂಗೈಯಿಂದ ಒಂದು ಕೊಟ್ಟು ಹಿಂದಕ್ಕೆ ಸರಿಸುತ್ತಿದ್ದರು. ಸಿಡಿಲು ಹೊಡೆದ ಬೇವಿನ ಗಿಡದ ಕಟ್ಟಿಗೆಯನ್ನು ಯಾರೂ ಮುಟ್ಟದಿದ್ದಾಗ ತಾವೇ ಕಡಿದು ಒಲೆಗೆ ಹಾಕಿದವರು. ಅವರನ್ನು ಕಂಡರೆ ನನಗೆ ಗೌರವ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು. ಇಷ್ಟು ವರ್ಷದಲ್ಲಿ ನನ್ನ ಒಂದು ಮಾತನ್ನೂ ಅವರು ಕೇಳಿದ್ದು ನೆನಪಿಲ್ಲ.

ವೈಫೈ ತರಿಸಿದ್ದು ಅವರ ಸಲುವಾಗಿ. ಮುದ್ದೇಬಿಹಾಳದಲ್ಲಿ ಅವರ ಅಕ್ಕನಿಗೆ ಲಕ್ವಾ ಹೊಡೆದು ಮಾತು ನಿಂತಿತ್ತು. ಫೋನಿನಲ್ಲಿ ಬರೀ ದನಿ ಕೇಳಿದರೆ ಏನು ಬಂತು, ಆಕೆಯಿಂದ ಉತ್ತರವೇ ಇಲ್ಲ. ಮುಖ ಕಾಣಬೇಕು. ಅಲ್ಲಿಯ ಸೊಸೆ ಫೋನು ಹಿಡಿದು ನಿಲ್ಲುತ್ತಿದ್ದಳು, ಇಲ್ಲಿ ಅತ್ತೆ ಅಕ್ಕನ ಮುಖ ನೋಡುತ್ತ ತಾವೇ ಎರಡೂ ಕಡೆಯ ಮಾತು ಆಡುತ್ತಿದ್ದರು. ನಮ್ಮ ತೋಟದಲ್ಲಿ ಮೊಬೈಲಿನ ಸಿಗ್ನಲ್ಲು ಬೋರ್‌ವೆಲ್ ದಿಬ್ಬದ ಮೇಲೆ ನಿಂತರೆ ಮಾತ್ರ ಸಿಗುತ್ತಿತ್ತು. ಅದಕ್ಕೇ ತಾಂಬಾದಿಂದ ಫೈಬರ್ ಲೈನು ಎಳೆಸಿದೆವು.

ಲೈನಿನವನು ಡಬ್ಬಿಯನ್ನು ಒಳಕೋಣೆಯ ತಿಜೂರಿಯ ಮೇಲೆ ಇಟ್ಟು ಹೋದ. ಬೆಲೆಬಾಳುವ ವಸ್ತು ತಿಜೂರಿಯ ಹತ್ತಿರವೇ ಇರಲಿ ಎಂದು ನಮ್ಮವರೇ ಹೇಳಿದ್ದು. ಹಿಂದೆ ಕಲ್ಲಿನ ಗೋಡೆ, ಕೆಳಗೆ ಕಬ್ಬಿಣದ ತಿಜೂರಿ, ಪಕ್ಕದ ಗೋಡೆಯ ಮಾಡದಲ್ಲಿ ಹಿತ್ತಾಳೆಯ ಕೊಡಗಳು. ಪಡಸಾಲೆಗೆ ಬರುವಷ್ಟರಲ್ಲಿ ಅಕ್ಕನ ಮುಖ ಚೂರುಚೂರಾಗಿ ನಿಂತುಬಿಡುತ್ತಿತ್ತು. ಮೈದುನ ಮೊಬೈಲಿನಲ್ಲಿ ಸ್ಪೀಡ್ ನೋಡುವ ಒಂದು ಆ್ಯಪ್ ಹಾಕಿಕೊಂಡು ಮನೆಯೆಲ್ಲ ತಿರುಗಿದ. ಡಬ್ಬಿಯನ್ನು ತಿಜೂರಿಯಿಂದ ಇಳಿಸಿ ಪಡಸಾಲೆಯ ನಡುವಿನ ಬೆಳಕಿಂಡಿಯ ಹತ್ತಿರ ಎತ್ತರಕ್ಕೆ ಇಟ್ಟ, ಅದರ ಎರಡು ಕಡ್ಡಿಗಳನ್ನು ನೆಟ್ಟಗೆ ಮಾಡಿದ. ದೂರಕ್ಕೆ ಹೋಗುವ ಸಿಗ್ನಲ್ಲು ಬೇರೆ, ಹತ್ತಿರದಲ್ಲಿ ಜೋರಾಗಿ ಓಡುವ ಸಿಗ್ನಲ್ಲು ಬೇರೆ ಎಂದು ಕಂಡುಹಿಡಿದು ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟ. ಅಷ್ಟಕ್ಕೇ ಸ್ಪೀಡು ಎಷ್ಟೋ ಪಾಲು ಏರಿತು. ಅಡಿಗೆಮನೆಯಲ್ಲಿ ಕೂಡ ಅಕ್ಕನ ಮುಖ ತೊಳೆದಿಟ್ಟಷ್ಟು ಚೊಕ್ಕಾಗಿ ಕಂಡಿತು.

ಅತ್ತೆಗೆ ಸಮಾಧಾನವಿಲ್ಲ. "ನನಗ ದನದ ಶೆಡ್ಡಿನ್ಯಾಗ ಬೇಕು" ಎಂದರು.

"ಇಲ್ಲೇ ಕುಂಡ್ರಿ ಅವ್ವಾ, ಫ್ಯಾನ್ ಐತಿ, ಖುರ್ಚಿ ಐತಿ" ಎಂದ ಮೈದುನ.

"ನಿಮ್ಮೆಲ್ಲಾರ ಮುಂದ ನಾ ಹ್ಯಾಂಗ ಅಳಲಿ?" ಎಂದುಬಿಟ್ಟರು ಅತ್ತೆ, ಸೊಪ್ಪು ಸೋಸುತ್ತಲೇ.

ಆಮೇಲೆ ಯಾರೂ ವಾದ ಮಾಡಲಿಲ್ಲ. ಮನೆಯಿಂದ ಶೆಡ್ಡಿಗೆ ಒಂದು ಅಂಗಳದ ದೂರ, ನಡುವೆ ನಾಲ್ಕು ನಿಂಬೆ ಗಿಡ. ಮೊದಲು ಕಿಟಕಿಯಲ್ಲಿ ಸಿಗ್ನಲ್ಲು ಮುಂದಕ್ಕೆ ದೂಡುವ ಸಣ್ಣ ಡಬ್ಬಿ ಇಟ್ಟು ನೋಡಿದರು. ಶೆಡ್ಡಿನ ಸುತ್ತಲೂ ತಗಡು. ಬಾಗಿಲಲ್ಲಿ ನಿಂತರೆ ಸಿಗ್ನಲ್ಲು, ಒಳಗೆ ಕಾಲಿಟ್ಟರೆ ಇಲ್ಲ. ಕೊನೆಗೆ ಮೈದುನ ಕೇಬಲನ್ನೇ ಎಳೆದು ಶೆಡ್ಡಿನೊಳಗೆ ಇನ್ನೊಂದು ಡಬ್ಬಿ ಕೂಡಿಸುವುದೆಂದು ನಿರ್ಧರಿಸಿದ. ಬರೀ ಕೇಬಲು ಗಾಳಿಗೆ ಜೋಲಿ ಹೊಡೆದು ಹರಿಯುತ್ತದೆ, ಅದಕ್ಕೊಂದು ಆಧಾರ ಬೇಕು. ಹಿಂದೆ ನಮಗೆ ದ್ರಾಕ್ಷಿ ತೋಟವಿತ್ತು. ಅದನ್ನು ತೆಗೆದು ನಿಂಬೆ ಹಚ್ಚಿದಾಗ ಬಳ್ಳಿ ಹಬ್ಬಿಸುವ ಗಟ್ಟಿ ತಂತಿಯ ಸುರುಳಿಗಳು ಮೂಲೆಯಲ್ಲಿ ಉಳಿದಿದ್ದವು. ಅದರಲ್ಲೊಂದನ್ನು ಅಡಿಗೆಮನೆಯ ಕಿಟಕಿಯ ಗ್ರಿಲ್ಲಿಗೆ ಕಟ್ಟಿ, ಶೆಡ್ಡಿನ ಮೂಲೆಯ ಕಟ್ಟಿಗೆಯ ಕಂಬದ ಮೇಲಿಂದ ಹಾಯಿಸಿ, ಕೆಳಗೆ ಇಳಿಸಿ, ಬಿಗಿಯಾಗಿ ನಿಲ್ಲಲಿ ಎಂದು ನೆಲದಲ್ಲಿ ಹೂತಿದ್ದ ಅರ್ಥಿಂಗಿನ ರಾಡಿಗೆ ಸುತ್ತಿದ. ಅದರ ಉದ್ದಕ್ಕೂ ಕೇಬಲು ಕಟ್ಟಿದ. ಅಷ್ಟು ಗಟ್ಟಿಯಾದ ಗೂಟ ಅಲ್ಲಿ ಬೇರೆ ಯಾವುದೂ ಇರಲಿಲ್ಲ.

ಆ ರಾಡಿನ ವಿಷಯ ಹೇಳಲೇಬೇಕು. ನಮ್ಮ ಕಡೆ ತೋಟದ ಶೆಡ್ಡುಗಳಿಗೆ ಎರಡು ತಂತಿ ಎಳೆಯುವವರು ಕಡಿಮೆ. ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ಒಂದೇ ತಂತಿ ತರುತ್ತಾರೆ. ಎರಡನೆಯದರ ಬದಲು ನೆಲಕ್ಕೆ ಒಂದು ಕಬ್ಬಿಣದ ರಾಡು ಬಡಿದು ಬಲ್ಬಿನ ಇನ್ನೊಂದು ತುದಿಯನ್ನು ಅದಕ್ಕೆ ಕಟ್ಟುತ್ತಾರೆ. ಕರೆಂಟು ತಂತಿಯಲ್ಲಿ ಬಂದು, ಬಲ್ಬು ಹೊತ್ತಿಸಿ, ರಾಡಿನಿಂದ ಭೂಮಿಗೆ ಇಳಿದು ಹೋಗುತ್ತದೆ. ಆದರೆ ಇಳಿಯಬೇಕೆಂದರೆ ನೆಲ ಹಸಿ ಇರಬೇಕು. ನೆಲ ಒಣಗಿದರೆ ಬಲ್ಬು ಮಂಕಾಗುತ್ತದೆ. ಆಗ ಯಾರಾದರೂ "ಅರ್ಥಿಂಗಿಗೆ ನೀರ ಹಾಕ್ರೋ" ಎಂದು ಕೂಗುತ್ತಾರೆ, ಒಂದು ಚರಿಗಿ ನೀರು ಸುರಿದರೆ ಬಲ್ಬು ಮತ್ತೆ ಝಗ್ ಅನ್ನುತ್ತದೆ. ಎಲ್ಲ ತೋಟಗಳಲ್ಲೂ ಇದೇ. ತಪ್ಪು ಎಂದು ಯಾರಿಗೂ ಅನ್ನಿಸಿದ್ದಿಲ್ಲ.

ನಮ್ಮ ಮನೆಯಲ್ಲಿ ಅದು ಅತ್ತೆಯ ಕೆಲಸ. ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಅದೇ ಚರಿಗಿ ಮತ್ತೆ ತುಂಬಿಕೊಂಡು ಶೆಡ್ಡಿನ ಮೂಲೆಗೆ ಹೋಗುವರು. ಹೇಗೆ ತುಳಸಿಯ ಮುಂದೆಯೋ ಹಾಗೆ ಇಲ್ಲಿಯೂ ಚಪ್ಪಲಿ ಬಿಟ್ಟು ನಿಲ್ಲುವರು. ಬಗ್ಗಿ, ರಾಡಿಗೆ ಸುತ್ತಿದ ತಂತಿ ಸಡಿಲಾಗಿದೆಯೇ ಎಂದು ಎಡಗೈಯಿಂದ ಅಲುಗಾಡಿಸಿ ನೋಡಿ, ಬಲಗೈಯಿಂದ ನೀರು ಬಿಡುವರು. ಅದನ್ನು ದೂರದಿಂದ ನೋಡುವಾಗೆಲ್ಲ ನನ್ನ ಕೈಯ ಕೆಲಸ ನಿಂತುಬಿಡುತ್ತಿತ್ತು. ಬರಿಗಾಲು, ಒದ್ದೆ ಕೈ, ಕಬ್ಬಿಣ. ಒಂದೆರಡು ಸಲ ಹೇಳಿಯೂ ನೋಡಿದೆ.

"ನಿಮ್ಮ ಮಾವ ಬಡಿದ ರಾಡ್ ಅದು. ಇಷ್ಟ ದಿನಾ ಏನ ಮಾಡಿಲ್ಲ, ಈಗ ಏನ ಮಾಡ್ತೈತಿ?" ಎಂದರು.

ಶೆಡ್ಡಿನಲ್ಲಿ ನೆಟ್ಟು ಚಾಲೂ ಆದ ದಿನ ಅತ್ತೆಯ ಸಂಭ್ರಮ ನೋಡಬೇಕಿತ್ತು. ಎಮ್ಮೆಗಳನ್ನೂ ಅಕ್ಕನಿಗೆ ತೋರಿಸಿದರು. ಮಧ್ಯಾಹ್ನ ಊಟವಾದದ್ದೇ ತಡ, ಹೊರಸಿನ ಮೇಲೆ ಕುಳಿತು ಫೋನನ್ನು ಹಗ್ಗದ ಸುರುಳಿಗೆ ಆನಿಸಿ ಮಾತು ಸುರು. ಬಿಸಿಲು ಏರಿದಂತೆ ತಗಡು ಕಾಯುತ್ತಿತ್ತು. ತಾಯಿ ಬೆವರುವುದನ್ನು ನೋಡಲಾರದೆ ಮೈದುನ ಅಲ್ಲಿ ಒಂದು ಫ್ಯಾನು ಕೂಡಿಸಿದ, ಆಮೇಲೆ ಇಂಡಿಯಿಂದ ಕೂಲರನ್ನೂ ತಂದ. ಒಂದು ಬಲ್ಬಿಗೆ ಎಂದು ಬಡಿದ ರಾಡು ಈಗ ಇಷ್ಟೆಲ್ಲದರ ಕರೆಂಟನ್ನು ನೆಲಕ್ಕೆ ಇಳಿಸಬೇಕಿತ್ತು.

ಸಾಲಿಗೆ ಬೇಸಿಗೆಯ ಸೂಟಿ ಬಿದ್ದು ನಾನು ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಅಡಿಗೆಮನೆಯ ಕಿಟಕಿ ಮುಚ್ಚಲು ಹೋದವಳಿಗೆ ಗ್ರಿಲ್ಲು ತಾಗಿ ಮೊಣಕೈವರೆಗೆ ಝುಂ ಎಂದಿತು. ಇರುವೆ ಹರಿದಷ್ಟೇ, ಹೆಚ್ಚಿಲ್ಲ. ಆದರೆ ಅಲ್ಲಿಯೇ ನೆಲಕ್ಕೆ ಕುಳಿತುಬಿಟ್ಟೆ. ಕಣ್ಣ ಮುಂದೆ ಸಿಂದಗಿಯ ಹಿತ್ತಲು ಬಂತು.

ಸಂಜೆ ಹೇಳಿದಾಗ ಮೈದುನ ಟೆಸ್ಟರ್ ತಂದ. ಅಷ್ಟರಲ್ಲಿ ಬಲ್ಬು ಮಂಕಾಗಿದೆ ಎಂದು ಅತ್ತೆ ರಾಡಿಗೆ ನೀರು ಸುರಿದಿದ್ದರು. ಗ್ರಿಲ್ಲಿಗೆ ಹಿಡಿದರೆ ಟೆಸ್ಟರು ಹತ್ತಲಿಲ್ಲ. "ನೋಡ್ರಿ ವೈನಿ, ಏನೂ ಇಲ್ಲ. ನಿಮ್ಮ ಅಂಜಿಕೀನ ನಿಮಗ ಕರೆಂಟ್ ಹೊಡಿಯಾಕತ್ತೈತಿ" ಎಂದ. ನಮ್ಮವರು ನಕ್ಕರು. ಅತ್ತೆಯೂ ನಕ್ಕರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನಾನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಲು ನೋಡಿದೆ: ನೆಲ ಹಸಿ ಇದ್ದಾಗ ಕರೆಂಟು ಕೆಳಗೆ ಹೋಗುತ್ತದೆ, ಒಣಗಿದಾಗ ಹೋಗಲು ದಾರಿ ಇಲ್ಲದೆ ರಾಡಿನಲ್ಲೇ ನಿಲ್ಲುತ್ತದೆ, ರಾಡಿನಿಂದ ದ್ರಾಕ್ಷಿ ತಂತಿಗೆ, ತಂತಿಯಿಂದ ಗ್ರಿಲ್ಲಿಗೆ. "ಹಂಗಾರ ನೀರ ಹಾಕ್ಕೋತ ಇದ್ರ ಆತಲ್ಲ" ಎಂದರು ಅತ್ತೆ. ಅವರ ಲೆಕ್ಕಕ್ಕೆ ಮಾತು ಅಲ್ಲಿಗೆ ಮುಗಿಯಿತು.

ಅಂದಿನಿಂದ ನನಗೆ ಊಟ ಸೇರಲಿಲ್ಲ. ನಮ್ಮ ಮನೆಯ ಮಕ್ಕಳನ್ನು ಆ ಕಿಟಕಿಯ ಹತ್ತಿರ ಬಿಡಲಿಲ್ಲ. ಬೆಳಿಗ್ಗೆ ಅತ್ತೆ ಚರಿಗಿ ಹಿಡಿದು ಶೆಡ್ಡಿನ ಕಡೆ ಹೊರಟರೆ ನಾನು ಅಂಗಳ ಗುಡಿಸುವ ನೆಪದಲ್ಲಿ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಕೈಯಲ್ಲಿ ಕಟ್ಟಿಗೆಯ ಹಿಡಿಕೆಯ ಕಸಬರಿಗೆ. ಏನಾದರೂ ಆದರೆ ಅದರಿಂದ ಅವರನ್ನು ದೂಡಬೇಕೆಂದು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಮತ್ತೆ ನಗುತ್ತಿದ್ದರು.

ಅಷ್ಟರಲ್ಲಿ ಮುದ್ದೇಬಿಹಾಳದಿಂದ ಅಕ್ಕನಿಗೆ ಜ್ವರ ಬಿಡುತ್ತಿಲ್ಲ ಎಂದು ಸುದ್ದಿ ಬಂತು. ಅತ್ತೆ ಕೈಚೀಲ ತುಂಬಿಕೊಂಡು ಹೊರಟೇಬಿಟ್ಟರು. ಹೋಗುವಾಗ ನನಗೆ, "ಅರ್ಥಿಂಗಿಗೆ ನೀರ ಹಾಕೂದು ಮರಿಬ್ಯಾಡವಾ" ಎಂದರು. ನಾನು ನೀರು ಹಾಕುವ ಗೊಡವೆಗೇ ಹೋಗಲಿಲ್ಲ. ಬಸ್ಸು ಹೋದದ್ದೇ ರಬ್ಬರ್ ಚಪ್ಪಲಿ ಮೆಟ್ಟಿ, ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಶೆಡ್ಡಿನ ಸ್ವಿಚ್ಚನ್ನು ಕಟ್ಟಿಗೆಯಿಂದ ಬಂದ್ ಮಾಡಿದೆ. ಎಮ್ಮೆಗೆ ಫ್ಯಾನು ಬೇಡ, ನೆಟ್ಟೂ ಬೇಡ. ಅತ್ತೆ ಮರಳಿ ಬರುವುದರೊಳಗೆ ಸಿಂದಗಿಯಿಂದ ವಾಯರಿಂಗಿನವನನ್ನು ಕರೆಸಿ ಎರಡನೇ ತಂತಿ ಎಳೆಸಿ ಆ ರಾಡನ್ನೇ ಕಿತ್ತು ಹಾಕಿಸುವುದೆಂದು ನಮ್ಮವರ ಬೆನ್ನು ಹತ್ತಿ ಒಪ್ಪಿಸಿದೆ. ಅವನು ನಾಳೆ ನಾಡಿದ್ದು ಎನ್ನುತ್ತ ಹೋದ. ಇರಲಿ, ಕರೆಂಟೇ ಇಲ್ಲವಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ. ಆ ದಿನಗಳಲ್ಲಿ ಹೊಟ್ಟೆ ತುಂಬ ಉಂಡೆ. ಮೇ ತಿಂಗಳ ಬಿಸಿಲಿಗೆ ರಾಡಿನ ಸುತ್ತಲಿನ ಕರಿ ಮಣ್ಣು ಬಿರುಕು ಬಿಟ್ಟಿತು.

ಅಕ್ಕನ ಜ್ವರ ಇಳಿಯಿತು, ಅತ್ತೆ ಬರುತ್ತಾರೆಂದು ತಿಳಿಯಿತು. ದೇವರ ಹಿಪ್ಪರಗಿ ದಾಟಿದ ಮೇಲೆ ಫೋನು ಮಾಡಿ, ಸಿಂದಗಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಮುಟ್ಟುತ್ತೇನೆ ಎಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಗೇಟಿನ ಸಪ್ಪಳವಾಯಿತು. ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಅತ್ತೆ ಕೈಚೀಲವನ್ನು ಕಟ್ಟೆಯ ಮೇಲಿಟ್ಟು, ಕಾಲು ಸಹ ತೊಳೆಯದೆ, ನಿಂತು ಶೆಡ್ಡಿನ ಕಡೆ ನೋಡುತ್ತಿದ್ದರು. ನಾನೂ ಅತ್ತ ನೋಡಿದೆ.

ಶೆಡ್ಡಿನಲ್ಲಿ ಬಲ್ಬು ಹೊತ್ತಿತ್ತು. ಕೆಂಪಗೆ, ಮಂಕಾಗಿ. ಫ್ಯಾನು ಒಂದೊಂದೇ ರೆಕ್ಕೆ ಎಣಿಸಬಹುದಾದಷ್ಟು ನಿಧಾನ ತಿರುಗುತ್ತಿತ್ತು.

ಅವ್ವ ಬರುವಷ್ಟರಲ್ಲಿ ನೆಟ್ಟು ಚಾಲೂ ಇರಲಿ, ಶೆಡ್ಡು ತಂಪಾಗಿರಲಿ ಎಂದು ಮೈದುನ ಪ್ರೀತಿಯಿಂದ ಸ್ವಿಚ್ಚು ಹಾಕಿದ್ದ. ಬೆರಳಿನ ಹಿಂಬದಿಯನ್ನು ಗ್ರಿಲ್ಲಿನ ಹತ್ತಿರ ಒಯ್ದೆ, ತಾಗಿತೋ ಇಲ್ಲವೋ, ಕೈಯನ್ನು ಯಾರೋ ಒದ್ದಂತೆ ಹಿಂದಕ್ಕೆ ಎಸೆಯಿತು. ಅಷ್ಟರಲ್ಲಿ ಅತ್ತೆ ಅಂಗಳದ ನೀರಿನ ಹೌದಿನಲ್ಲಿ ಚರಿಗಿ ಮುಳುಗಿಸಿ ತುಂಬಿಕೊಂಡು ಹೊರಟಿದ್ದರು.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. "ಅತ್ತಿ, ನಿಂದರ್ರಿ! ಅತ್ತಿ, ಮುಟ್ಟಬ್ಯಾಡ್ರಿ!" ಎಂದೆ. ಅವರು ತಿರುಗಿ ನೋಡದೆ ಕೈ ಬೀಸಿದರು. ಇವಳದ್ದು ಇದ್ದದ್ದೇ ಎನ್ನುವಂತೆ. ನಿಂಬೆ ಗಿಡ ದಾಟಿದರು. ಮೂಲೆಗೆ ಹೋಗಿ ಒಂದು ಚಪ್ಪಲಿ ಬಿಟ್ಟರು, ಇನ್ನೊಂದು ಬಿಟ್ಟರು. "ಅತ್ತಿ, ನಿಮ್ಮ ಕಾಲ ಬೀಳ್ತೇನ್ರಿ!" ಎಂದೆ. ದನಿ ನನಗೇ ಕೇಳುತ್ತಿರಲಿಲ್ಲ. ಅವರು ಬಗ್ಗಿದರು. ಎಡಗೈ ಚಾಚಿದರು. ನಾನಿನ್ನೂ ಅರ್ಧ ಅಂಗಳದಲ್ಲಿದ್ದೆ, ಮುಟ್ಟುವ ದೂರವಲ್ಲ.

"ಏ ಮುದುಕಿ! ಕೈ ತಗಿ! ಸಾಯ್ತಿ!"

ನನ್ನ ಬಾಯಿಂದ ಬಂದದ್ದು ಅದು. ಮದುವೆಯಾದಂದಿನಿಂದ ಅವರಿಗೆ 'ರಿ' ಹಚ್ಚದೆ ಒಂದು ಮಾತು ಆಡಿದವಳಲ್ಲ ನಾನು. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ನೆಟ್ಟಗಾಗಿ ನನ್ನ ಕಡೆ ತಿರುಗಿದರು. ಮುಖ ಕೆಂಪೇರಿತ್ತು.

"ಯಾರಿಗೆ ಅಂದಿ?" ಎಂದರು.

"ನಿಮಗ ಅಂದೇನ್ರಿ" ಎಂದೆ. ಓಡಿ ಹೋಗಿ ಅವರ ರಟ್ಟೆ ಹಿಡಿದು ಎಳೆದೆ. ಚರಿಗಿ ಬಿದ್ದು ನೀರೆಲ್ಲ ನನ್ನ ಸೀರೆಗೆ ಚೆಲ್ಲಿತು.

ಗದ್ದಲ ಕೇಳಿ ಮೈದುನ ಬಂದ. ತಾಯಿಗೆ ನಾನು ಅಂದ ಮಾತು ಅವನ ಕಿವಿಗೂ ಬಿದ್ದಿತ್ತು, ಹುಬ್ಬು ಗಂಟಾಗಿತ್ತು. ನೇರ ಒಳಗೆ ಹೋಗಿ ಟೆಸ್ಟರ್ ತಂದ. ಇವತ್ತು ಇದನ್ನು ಮುಗಿಸಿಬಿಡಬೇಕು ಎಂಬ ಠೀವಿಯಲ್ಲೇ ರಾಡಿನ ಮುಂದೆ ಕುಳಿತು ಅದರ ತುದಿ ತಾಗಿಸಿದ. ಅಷ್ಟು ಬಿಸಿಲಿನಲ್ಲೂ ಟೆಸ್ಟರಿನ ಹೊಟ್ಟೆಯೊಳಗಿನ ದೀಪ ಕೆಂಡದಷ್ಟು ಕೆಂಪಗೆ ಹತ್ತಿತು. ಮೈದುನ ಅದನ್ನು ನೋಡುತ್ತಲೇ ಇದ್ದ. ಆಮೇಲೆ ಕುಳಿತಲ್ಲಿಂದಲೇ ಹಿಂದೆ ಹಿಂದೆ ಸರಿದು ಎದ್ದು, ಪಂಪ್‌ಸೆಟ್ಟಿನ ಪೆಟ್ಟಿಗೆಯ ಕಡೆ ಓಡಿದ. ಬಲ್ಬು ಆರಿತು. ಫ್ಯಾನು ನಿಂತಿತು.

"ಅವ್ವಾ, ನಾನ ಚಾಲೂ ಮಾಡಿದ್ದೆ" ಎಂದ, ಮರಳಿ ಬಂದು. "ನಾನ ಮಾಡಿದ್ದೆ ಅವ್ವಾ."

ಅತ್ತೆ ಬಿಟ್ಟ ಚಪ್ಪಲಿಯನ್ನು ಮೆಟ್ಟಲು ಹೋದರು. ಕಾಲು ಚಪ್ಪಲಿಯೊಳಗೆ ಹೋಗಲೇ ಇಲ್ಲ, ಪಕ್ಕಕ್ಕೆ ಪಕ್ಕಕ್ಕೆ ಬೀಳುತ್ತಿತ್ತು. ನಾನು ಕುಳಿತು ತೊಡಿಸಿದೆ. ಕೈ ಹಿಡಿದು ಮನೆಯ ಮುಂದಿನ ಕಟ್ಟೆಗೆ ಕರೆತಂದು ಕೂಡಿಸಿದೆ. ಬೈಯಲಿ ಎಂದು ಕಾದೆ. ಮುದುಕಿ ಎಂದದ್ದಕ್ಕೆ ಒಂದು ಏಟು ಹಾಕಿದ್ದರೂ ನನಗೆ ಸಂತೋಷವಾಗುತ್ತಿತ್ತು. ಅವರು ತಮ್ಮ ಎಡಗೈಯನ್ನೇ ನೋಡುತ್ತಿದ್ದರು, ಬೆರಳುಗಳನ್ನು ಬಿಚ್ಚುತ್ತ, ಮಡಿಚುತ್ತ.

"ಅಂಜಿಕಿ ಬರಾಕತ್ತೈತಲ್ಲವಾ ನನಗ" ಎಂದರು ಕೊನೆಗೆ. ಸಣ್ಣ ದನಿಯಲ್ಲಿ, ಗುಟ್ಟು ಹೇಳುವವರಂತೆ.

ಈ ಮನೆಯಲ್ಲಿ ನಾನು ಇಷ್ಟು ವರ್ಷ ಧೈರ್ಯವಾಗಿ ಅಂಜಿಕೊಂಡಿದ್ದೆ, ಯಾಕೆಂದರೆ ಅಂಜದವರು ಒಬ್ಬರಿದ್ದರು. ಅದು ನನಗೆ ಅರ್ಥವಾದದ್ದು ಆಗ. ಅವರ ಬಾಯಿಂದ ಆ ಮಾತು ಕೇಳಿದ ಮೇಲೆ ನನಗೆ ಆದ ದಿಗಿಲು ಗ್ರಿಲ್ಲು ಕೈ ಎಸೆದಾಗ ಆಗಿರಲಿಲ್ಲ. ಅವರ ಪಕ್ಕಕ್ಕೆ ಒತ್ತಿ ಕುಳಿತೆ.

ಆಗ ಅವರ ಕೈಚೀಲದೊಳಗೆ ಫೋನು ಹೊಡೆದುಕೊಂಡಿತು. ಮನೆಯ ವೈಫೈ ಹತ್ತಿತ್ತು. ಮುದ್ದೇಬಿಹಾಳದಿಂದ ವಿಡಿಯೋ, ಮುಟ್ಟಿದರೋ ಇಲ್ಲವೋ ಎಂದು ಕೇಳಲು. ಅತ್ತೆ ಚೀಲದೊಳಗೆ ಕೈ ಹಾಕಿ ಫೋನು ತಾಗಿದ್ದೇ ಕೈ ಹಿಂದಕ್ಕೆ ತೆಗೆದುಕೊಂಡರು.

"ನೀನ ಎತ್ತವಾ" ಎಂದರು.

"ಇದಕ್ಕ ತಂತಿ ಇಲ್ರಿ ಅತ್ತಿ" ಎಂದೆ.

"ಇರಲಿ. ನೀನ ಹಿಡಿ."

ನಾನು ಎತ್ತಿದೆ. ಅಕ್ಕನ ಮುಖ ಬಂತು, ಬಾಯಿಯ ಒಂದು ಬದಿ ಸೊಟ್ಟಗೆ, ಕಣ್ಣು ತಂಗಿಯನ್ನು ಹುಡುಕುತ್ತ. ಫೋನನ್ನು ಅತ್ತೆಯ ಕಡೆ ತಿರುಗಿಸಿ ಹಿಡಿದೆ. ನಾನು ಪಕ್ಕದಲ್ಲೇ ಇದ್ದೆ, ಮೈದುನ ಎದುರಿಗೇ ನಿಂತಿದ್ದ. ಅತ್ತೆ ಯಾರನ್ನೂ ಆಚೆ ಹೋಗು ಎನ್ನಲಿಲ್ಲ. ನಮ್ಮೆಲ್ಲರ ಮುಂದೆಯೇ ಅಳತೊಡಗಿದರು.